ಧೋತರ ಉಟ್ಟ ಸ್ಪೈಡರ್‌ಮ್ಯಾನ್

ಭಾಗ 1/9: ಈ ಚಿತ್ರದಾಗ ಇರೋನು ಯಾರು?

ಫೋಟೋದಾಗ ಕಾಣೋದು ನನ್ನ ರಫ್ ನೋಟ್‌ಬುಕ್ಕಿನ ಕಡೀ ಹಾಳಿ. ಬಾಲ್‌ಪೆನ್ನಿನಾಗ ನಾನೇ ಗೀಚಿದ್ದು, ನಗಬ್ಯಾಡ್ರಿ. ಮುಖಕ್ಕ ಜೇಡರಬಲೆಯ ಮುಸುಕು, ಸೊಂಟಕ್ಕ ಧೋತರ. "ಏನಲೇ, ಸ್ಪೈಡರ್‌ಮ್ಯಾನ್ ಜಾತ್ರಿಗೆ ಹೊಂಟಾನೇನು?" ಅಂತ ಕ್ಲಾಸಿನಾಗ ಕೇಳಿದ್ರಲ್ಲ, ಅವರಿಗೆಲ್ಲ ಒಮ್ಮೆಗೇ ಉತ್ತರ ಕೊಡಾಕ ಈ ಸರಣಿ.

ಇವನನ್ನ ನಾನು ಹುಟ್ಟಿಸಿಲ್ಲ. ಇಂಥ ಸ್ಪೈಡರ್‌ಮ್ಯಾನ್ ಖರೇನ ಅದಾನ. ಹೆಸರು ಪವಿತ್ರ್ ಪ್ರಭಾಕರ್. 2004ರಲ್ಲಿ ಕಾಮಿಕ್ಸ್ ಪುಟದ ಮೇಲೆ ಹುಟ್ಟಿದ. ಅವನ ಚಿತ್ರ ಬಿಡಿಸಿದವರು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಕಲಾವಿದ ಜೀವನ್ ಜೆ. ಕಾಂಗ್.

2023ರ ಜೂನ್ 1ರಂದು 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್' ಸಿನಿಮಾ ನಮ್ಮ ದೇಶದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು. ಅದರಾಗ ಕನ್ನಡನೂ ಒಂದು. ಅವತ್ತು ಪವಿತ್ರ್ ಕನ್ನಡ ಮಾತಾಡಿದ. ನಮ್ಮೂರ ಹುಡುಗ್ರು ಅವನ ರೀಲ್ಸ್ ಹಂಚಿಕೊಂಡ್ರು. ಆದ್ರ ಅವ ಹುಟ್ಟಿ ಆಗಲೇ 19 ವರ್ಷ ಆಗಿತ್ತು, ಅದೂ ನಮ್ಮ ರಾಜ್ಯದ ನಂಟಿನಿಂದ ಹುಟ್ಟಿದವ ಅಂತ ಬಾಳ ಮಂದಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಹುಡುಕ್ತಾ ಹೋದಂಗ ಒಂದು ದೊಡ್ಡ ಇತಿಹಾಸನೇ ಸಿಕ್ತು: ಒಬ್ಬ ಸಾದಾ ಹುಡುಗ, ಫೀಸ್ ಕಟ್ಟಾಕ ಒದ್ದಾಡೋ ಹುಡುಗ, ಕಾಮಿಕ್ಸಿನಾಗ ಹೀರೋ ಆಗಾಕ ಎಷ್ಟು ವರ್ಷ ಬೇಕಾಯ್ತು, ಆ ಹುಡುಗ ನಮ್ಮ ದೇಶಕ್ಕ ಹೆಂಗ ಬಂದ, ಬಂದ ಮ್ಯಾಲ ಏನೇನು ಬದಲಾಯ್ತು ಅಂತ. ಒಂಬತ್ತು ಭಾಗ. ಪೋತ್ನಾಳದಿಂದ ರಾಯಚೂರಿನ ತನಕ ಬಸ್ಸಿನಾಗ ಓದಿ ಮುಗಿಸಬಹುದು. ಬಸ್ಸಿನ ಒಂದು ಮಾತು ಎಂಟನೇ ಭಾಗದಾಗ ಬರ್ತದ. ಅದನ್ನ ಹೇಳಾಕಂತನೇ ಇಷ್ಟೆಲ್ಲಾ ಬರ್ದೀನಿ.

—

ಭಾಗ 2/9: ಹುಡುಗ್ರು ಓದ್ತಿದ್ರು, ಹುಡುಗ್ರು ಹೀರೋ ಆಗಿರಲಿಲ್ಲ

ಮೊದಲು ಅಮೆರಿಕಕ್ಕ ಹೋಗೋಣ, ಯಾಕಂದ್ರ ಈ ಥರದ ಕಾಮಿಕ್ಸ್ ಶುರುವಾದದ್ದು ಅಲ್ಲೇ.

1938ರಲ್ಲಿ ಸೂಪರ್‌ಮ್ಯಾನ್ ಬಂದ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡ್ ಊರಿನ ಹೈಸ್ಕೂಲ್ ಗೆಳೆಯರು. ಬರೆದವರು ಹುಡುಗರು, ಆದ್ರ ಅವರು ಬರೆದ ಹೀರೋ ದೊಡ್ಡವ, ಅದೂ ಬೇರೆ ಗ್ರಹದಿಂದ ಬಂದವ. ಹುಟ್ಟುತ್ತಲೇ ಶಕ್ತಿವಂತ. 1939ರಲ್ಲಿ ಬ್ಯಾಟ್‌ಮ್ಯಾನ್ ಬಂದ. ಅವನಿಗೆ ಮಂತ್ರ-ತಂತ್ರ ಏನಿಲ್ಲ, ರೊಕ್ಕ ಅದ. ಅರಮನೆಯಂಥ ಮನೆ, ಕಾರು, ಆಳು. ಅದು ಇದ್ರ ಎಂಥವನೂ ಅರ್ಧ ಹೀರೋ ಆಗಿಬಿಡ್ತಾನ ಬಿಡ್ರಿ.

1940ರಲ್ಲಿ ಬ್ಯಾಟ್‌ಮ್ಯಾನ್ ಜೊತೆಗೆ ರಾಬಿನ್ ಸೇರಿದ. ಕೊನೆಗೂ ಒಬ್ಬ ಹುಡುಗ! ಆದರೆ ಅವನ ಕೆಲಸ ಹೀರೋನ ಬೆನ್ನ ಹಿಂದ ಓಡೋದು, ಸಿಕ್ಕಿಬೀಳೋದು, ಬಿಡಿಸಿಕೊಳ್ಳೋದು. ಅಣ್ಣಾವ್ರ ಸಿನಿಮಾದಾಗ ಹಾಸ್ಯದ ಗೆಳೆಯ ಇರ್ತಿದ್ನಲ್ಲ, ಹಂಗ.

ಅದೇ 1940ರಲ್ಲಿ ಇನ್ನೊಬ್ಬ ಬಂದ: ಬಿಲ್ಲಿ ಬ್ಯಾಟ್ಸನ್. ತಂದಿ-ತಾಯಿ ಇಲ್ಲದ ಬಡ ಹುಡುಗ. ಒಬ್ಬ ಮುದುಕ ಮಾಂತ್ರಿಕ ಅವನಿಗೆ 'ಶಜಾಮ್' ಅನ್ನೋ ಪದ ಹೇಳಿಕೊಡ್ತಾನ. ಹುಡುಗ ಆ ಪದ ಅಂದ ಕೂಡಲೇ ಸಿಡಿಲು ಬಡಿದು ಕ್ಯಾಪ್ಟನ್ ಮಾರ್ವೆಲ್ ಆಗ್ತಾನ. ಇಲ್ಲೊಂದು ಸೂಕ್ಷ್ಮ ಗಮನಿಸ್ರಿ. ಶಕ್ತಿ ಬಂದಾಗ ಬಿಲ್ಲಿ ಹುಡುಗನಾಗಿ ಉಳಿಯೋದಿಲ್ಲ, ಗಟ್ಟಿಮುಟ್ಟಾದ ಗಂಡಸಾಗಿಬಿಡ್ತಾನ. ಜಗತ್ತನ್ನ ಉಳಿಸೋದು ದೊಡ್ಡವರ ಕೆಲಸ, ನಿನಗೆ ಮಾಡಬೇಕಂದ್ರ ಮೊದಲು ದೊಡ್ಡವನಾಗು, ಅಂತ ಆ ಕಥಿ ಹೇಳಿದಂಗಾಯ್ತು.

ನಮಗೂ ಮನ್ಯಾಗ ಇದೇ ಮಾತು ಹೇಳ್ತಾರಲ್ಲ: "ಸುಮ್ಮ ಕೂಡು, ನಿನಗೇನು ತಿಳೀತದ?"

ಹಿಂಗ ಇಪ್ಪತ್ತು ವರ್ಷದ ಮೇಲೆ ಹೋಯ್ತು. ಅಂಗಡಿಯಾಗ ಚಿಲ್ಲರೆ ಕೊಟ್ಟು ಕಾಮಿಕ್ಸ್ ಕೊಳ್ಳೋರು ಹುಡುಗ್ರೇ. ಕಥಿಯಾಗ ಹೀರೋ ಮಾತ್ರ ಬೇರೆ ಯಾರೋ.

—

ಭಾಗ 3/9: 12 ಸೆಂಟ್ಸಿನ ಪುಸ್ತಕ, 11 ಪುಟದ ಕಥೆ

1962ರ ಆಗಸ್ಟ್ ತಿಂಗಳ 'ಅಮೇಜಿಂಗ್ ಫ್ಯಾಂಟಸಿ', 15ನೇ ಸಂಚಿಕೆ. ಬೆಲೆ 12 ಸೆಂಟ್ಸ್. ಅದರಾಗ 11 ಪುಟದ ಒಂದು ಕಥೆ. ಬರೆದವರು ಸ್ಟಾನ್ ಲೀ, ಚಿತ್ರ ಸ್ಟೀವ್ ಡಿಟ್ಕೊ.

ಸ್ಟಾನ್ ಲೀ ಮುಂದೆ ಹೇಳಿಕೊಂಡ ಪ್ರಕಾರ, ಪ್ರಕಾಶಕ ಮಾರ್ಟಿನ್ ಗುಡ್‌ಮನ್‌ಗೆ ಈ ಕಥೆ ಹಿಡಿಸಿರಲಿಲ್ಲ. ಜೇಡ ಅಂದ್ರ ಮಂದಿ ಹೇಸ್ತಾರ, ಹದಿಹರೆಯದ ಹುಡುಗ ಸಹಾಯಕ ಆಗಬಹುದೇ ಹೊರತು ಹೀರೋ ಆಗೋದಿಲ್ಲ, ಹೀರೋಗಳಿಗೆ ಮನೆಯ ತಾಪತ್ರಯ ಇರಬಾರದು ಅನ್ನೋದು ಅವರ ವಾದ. ಹೆಂಗೂ ನಿಲ್ಲಿಸಬೇಕಾಗಿದ್ದ ಪತ್ರಿಕೆ ಅಂತ ಅದರ ಕಡೀ ಸಂಚಿಕೆಯಲ್ಲಿ ಕಥೆ ಅಚ್ಚಾಯಿತು. ಓದುಗರು ಮುಗಿಬಿದ್ದರು. 1963ರಲ್ಲಿ ಸ್ಪೈಡರ್‌ಮ್ಯಾನ್‌ಗೆ ತನ್ನದೇ ಪತ್ರಿಕೆ ಬಂತು. ಆ 12 ಸೆಂಟ್ಸಿನ ಸಂಚಿಕೆಯ ಚೊಲೋ ಸ್ಥಿತಿಯಲ್ಲಿದ್ದ ಒಂದು ಪ್ರತಿ 2021ರ ಹರಾಜಿನಲ್ಲಿ 36 ಲಕ್ಷ ಡಾಲರಿಗೆ ಹೋಯಿತು!

ಏನಿತ್ತು ಅದರಾಗ? ಪೀಟರ್ ಪಾರ್ಕರ್ ನ್ಯೂಯಾರ್ಕಿನ ಕ್ವೀನ್ಸ್‌ನಾಗ ಇರೋ ಹೈಸ್ಕೂಲ್ ಹುಡುಗ. ಅಪ್ಪ-ಅವ್ವ ಇಲ್ಲ, ಸಾಕಿದವರು ಕಾಕಾ ಬೆನ್, ಕಾಕಿ ಮೇ. ಕ್ಲಾಸಿನವರು ಇವನನ್ನ ಸೇರಿಸಿಕೊಳ್ಳೋದಿಲ್ಲ. ವಿಜ್ಞಾನ ಪ್ರದರ್ಶನದಾಗ ವಿಕಿರಣ ತಾಗಿದ ಜೇಡ ಕಡೀತದ, ಶಕ್ತಿ ಬರ್ತದ. ಅಣುಬಾಂಬಿನ ಭಯ ಎಲ್ಲರ ಎದೆಯಾಗ ಇದ್ದ ಕಾಲ ಅದು, ಅದಕ್ಕೇ ಶಕ್ತಿನೂ ವಿಕಿರಣದಿಂದಲೇ ಬಂತು.

ಶಕ್ತಿ ಬಂದ ಮ್ಯಾಲ ಅವ ಮೊದಲು ಮಾಡಿದ್ದು ಲೋಕರಕ್ಷಣೆ ಅಲ್ಲ. ಕುಸ್ತಿ ಹಿಡಿದು, ಟಿವಿಯಾಗ ಆಟ ತೋರಿಸಿ ರೊಕ್ಕ ಗಳಿಸೋದು! ಒಬ್ಬ ಕಳ್ಳ ಎದುರಿಗೇ ಓಡಿಹೋಗ್ತಾನ. ಪೊಲೀಸ್ ಹಿಡಿ ಅಂತಾನ, ಇವ ಕೈ ಕಟ್ಟಿ ನಿಂತಾನ. "ನನಗ್ಯಾಕ ಬೇಕು?" ಅನ್ನೋ ಭಾವ. ಮುಂದ ಅದೇ ಕಳ್ಳ ಬೆನ್ ಕಾಕಾನ್ನ ಕೊಲ್ತಾನ.

ಇನ್ನೊಂದು: ಡಿಟ್ಕೊ ಅವನ ಮುಖವನ್ನ ಪೂರ್ತಿ ಮುಚ್ಚಿದರು. ಮೈಯ ಒಂದು ಇಂಚೂ ಕಾಣೋದಿಲ್ಲ. ಒಳಗಿರೋನು ಯಾವ ಬಣ್ಣದವ, ಯಾವ ದೇಶದವ ಅಂತ ತಿಳಿಯೋದಿಲ್ಲ. ಓದೋ ಯಾವ ಹುಡುಗನಾದ್ರೂ ಅದರೊಳಗ ತನ್ನನ್ನ ಇಟ್ಟು ನೋಡಬಹುದು. ಆ ಮುಸುಕೊಳಗ ಮುಂದೊಂದು ದಿನ ನಮ್ಮ ದೇಶದ ಹಳ್ಳಿ ಹುಡುಗ ಹೊಕ್ಕ.

—

ಭಾಗ 4/9: ನಮ್ಮ ಕಡೆ ಏನಿತ್ತು?

ಸ್ಪೈಡರ್‌ಮ್ಯಾನ್ ಹುಟ್ಟಿದ ಕಾಲಕ್ಕ ನಮ್ಮ ಅಜ್ಜಂದಿರು ಏನು ಓದ್ತಿದ್ರು? 'ಚಂದಮಾಮ' ಕನ್ನಡದಲ್ಲಿ 1949ರಿಂದಲೇ ಬರುತ್ತಿತ್ತು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗದವರು ಇಂದ್ರಜಾಲ್ ಕಾಮಿಕ್ಸ್ ಶುರು ಮಾಡಿ ಫ್ಯಾಂಟಮ್‌ನನ್ನ ಮನೆಮಾತು ಮಾಡಿದರು. ಆದರೆ ಫ್ಯಾಂಟಮ್ ಆಗಬೇಕಂದ್ರ ಫ್ಯಾಂಟಮ್‌ನ ಮಗನಾಗಿ ಹುಟ್ಟಬೇಕು. ನಮಗೆ ಗೊತ್ತಿರೋ ಫ್ಯಾಂಟಮ್ ಆ ವಂಶದ 21ನೆಯವ. ಗೌಡಕಿ ಇದ್ದಂಗ, ಮನೆತನದಿಂದ ಬರೋದು.

ಈಗ ಕನ್ನಡದವರು ಹೆಮ್ಮೆ ಪಡೋ ಒಂದು ಸಂಗತಿ. 'ಅಮರ ಚಿತ್ರಕಥೆ' ಅಂದ ಕೂಡಲೇ ಮುಂಬೈ ನೆನಪಾಗ್ತದಲ್ಲ? ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಇಂಡಿಯಾ ಬುಕ್ ಹೌಸ್‌ಗಾಗಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಅವು ಸಿಂಡ್ರೆಲ್ಲಾದಂಥ ಪಶ್ಚಿಮದ ಕಥೆಗಳ ಕನ್ನಡ ರೂಪಗಳು. ಆಮೇಲೆ ಅನಂತ ಪೈ ನಮ್ಮ ಪುರಾಣ, ಇತಿಹಾಸದ ಕಥೆಗಳನ್ನ ಹಿಡಿದರು. ಅವರು ಹುಟ್ಟಿದ್ದು 1929ರಲ್ಲಿ, ನಮ್ಮ ರಾಜ್ಯದ ಕಾರ್ಕಳದಲ್ಲಿ. ಅವರ 'ಕೃಷ್ಣ' ಪುಸ್ತಕದ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಅಂತ ಹುಡುಕಿದವರಿಗೆ ಸಿಗೋದು ಈ ಕನ್ನಡದ ಹೆಜ್ಜೆ.

ಅಮರ ಚಿತ್ರಕಥೆಯಾಗ ಹುಡುಗ್ರು ಬೇಕಾದಷ್ಟು ಅದಾರ. ಧ್ರುವ, ಪ್ರಹ್ಲಾದ, ಅಭಿಮನ್ಯು. ಆದ್ರ ಮೂವರೂ ರಾಜಮನೆತನದ ಮಕ್ಕಳು. ಅರಮನೆ ಹೊರಗಿನಿಂದ ಬಂದು, ತಾನೇ ಕಲಿತು, ಶಕ್ತಿ ಗಳಿಸಿದ ಹುಡುಗ ಅಂದ್ರ ಏಕಲವ್ಯ. ಬೇಡರ ಹುಡುಗ. ಅವನಿಗೇನಾಯ್ತು ಅಂತ ನಿಮಗೆ ಗೊತ್ತು. ಹೆಬ್ಬೆರಳು ಕೇಳಿದರು. ನಮ್ಮ ಜಿಲ್ಲೆಯಾಗ ಆ ಕಥೆ ಕೇಳಿ ಗಂಟಲು ಕಟ್ಟಿದ ಹುಡುಗ್ರು ಎಷ್ಟೋ ಮಂದಿ ಅದಾರ, ಅವರಿಗೆ ನಾನು ವಿವರಿಸಿ ಹೇಳೋದು ಬೇಕಿಲ್ಲ.

ಆಮೇಲೆ 'ಬಾಲಮಂಗಳ'ದ ಡಿಂಗ! ಒಂದು ಸಣ್ಣ ಇಲಿ. ಬೇರೆ ಗ್ರಹದವರು ಎತ್ತಿಕೊಂಡು ಹೋದಾಗ ಶಕ್ತಿ ಬಂದದ್ದು. ಕೇರಳದ ಡಿಂಕನ್ ಕನ್ನಡಕ್ಕ ಬಂದು ಡಿಂಗ ಆದ. ನಮ್ಮ ಅಕ್ಕಂದಿರು, ಅಣ್ಣಂದಿರು ಅವನ ಹುಚ್ಚಿನಾಗ ಬೆಳೆದವರು. ಸಾಮಾನ್ಯನೊಬ್ಬ ಶಕ್ತಿ ಪಡೆದ ಕಥೆ ಅಂತೂ ಬಂತು, ಆದ್ರ ಅವ ಮನುಷ್ಯ ಆಗಿರಲಿಲ್ಲ ನೋಡ್ರಿ.

—

ಭಾಗ 5/9: 2004, ಪೀಟರ್ ಹೋಗಿ ಪವಿತ್ರ್ ಬಂದ

ಗೋಥಮ್ ಕಾಮಿಕ್ಸ್ ಅನ್ನೋ ಸಂಸ್ಥೆ ಅಮೆರಿಕದ ಕಾಮಿಕ್ಸ್‌ಗಳನ್ನ ಭಾರತದಲ್ಲಿ ಕಡಿಮೆ ಬೆಲೆಗೆ ಅಚ್ಚು ಮಾಡಿ ಮಾರುತ್ತಿತ್ತು. ಅದರ ಹಿಂದೆ ಇದ್ದವರಲ್ಲಿ ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್ ಮುಖ್ಯರು. ಬರೀ ಮರುಮುದ್ರಣ ಎಷ್ಟು ದಿನ ಅಂತ ಅವರು ಹೊಸದೊಂದು ಯೋಜನೆಯನ್ನ ಮಾರ್ವೆಲ್ ಕಂಪನಿಯ ಮುಂದಿಟ್ಟರು: ಸ್ಪೈಡರ್‌ಮ್ಯಾನ್ ಭಾರತದಲ್ಲೇ ಹುಟ್ಟಿದ್ದರೆ ಹೇಗಿರುತ್ತಿದ್ದ?

ಮಾರ್ವೆಲ್ ಒಪ್ಪಿತು. ಇವರಿಬ್ಬರ ಜೊತೆ ಜೀವನ್ ಕಾಂಗ್ ಸೇರಿ ಕಥೆ ಕಟ್ಟಿದರು, ಚಿತ್ರ ಕಾಂಗ್ ಅವರದೇ. ನಾಲ್ಕು ಸಂಚಿಕೆಯ 'ಸ್ಪೈಡರ್‌ಮ್ಯಾನ್: ಇಂಡಿಯಾ' 2004ರಲ್ಲಿ ಇಲ್ಲಿ ಶುರುವಾಯಿತು. 2005ರಲ್ಲಿ ಅಮೆರಿಕದ ಅಂಗಡಿಗಳಿಗೂ ಹೋಯಿತು. ಅಲ್ಲಿಂದ ಇಲ್ಲಿಗೆ ಬರುತ್ತಿದ್ದ ಮಾಲು ಈ ಸಲ ಇಲ್ಲಿಂದ ಅಲ್ಲಿಗೆ ಹೋಯ್ತು!

ಇದನ್ನ ಅನುವಾದ ಅನ್ನಾಕ ಬರೋದಿಲ್ಲ. ಬೀಜ ಅಲ್ಲಿಂದು, ಹೊಲ ಇಲ್ಲಿಂದು. ಹೆಸರುಗಳನ್ನ ನೋಡ್ರಿ, ಬಾಯಾಗ ಹೇಳಿ ನೋಡ್ರಿ, ಮಜಾ ಬರ್ತದ:

ಪೀಟರ್ ಪಾರ್ಕರ್ → ಪವಿತ್ರ್ ಪ್ರಭಾಕರ್
ಮೇರಿ ಜೇನ್ → ಮೀರಾ ಜೈನ್
ಆಂಟ್ ಮೇ → ಮಾಯಾ
ಅಂಕಲ್ ಬೆನ್ → ಭೀಮ್
ನಾರ್ಮನ್ ಆಸ್ಬಾರ್ನ್ → ನಳಿನ್ ಒಬೆರಾಯ್

ಸದ್ದು ಅದೇ, ಊರು ಬೇರೆ. ಹಸಿರು ಪಿಶಾಚಿಯಂಥ ಗ್ರೀನ್ ಗಾಬ್ಲಿನ್ ಇಲ್ಲಿ ಖರೇ ರಾಕ್ಷಸ ಆದ. ಶ್ರೀಮಂತ ಒಬೆರಾಯ್ ಒಂದು ತಾಯತ ಹಿಡಿದು ಹಳೇ ವಿಧಿಯನ್ನ ಮಾಡ್ತಾನ, ರಾಕ್ಷಸ ಅವನ ಮೈಯಾಗ ಹೊಕ್ತದ. ಸ್ಪೈಡರ್‌ಮ್ಯಾನ್‌ನ ಮೇಲಂಗಿ ಅದೇ ಕೆಂಪು-ನೀಲಿ, ಕೆಳಗ ಮಾತ್ರ ಬಿಗಿ ಪ್ಯಾಂಟಿನ ಬದಲು ಧೋತರ. ನಾನು ಬಿಡಿಸಿದ ಚಿತ್ರದಾಗ ಅದು ಲುಂಗಿ ಥರ ಕಾಣ್ತದ, ಅದು ನನ್ನ ಕೈಯ ತಪ್ಪು, ಕಾಂಗ್ ಅವರದ್ದಲ್ಲ.

ಧೋತರ ಉಟ್ಟು ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಜಿಗಿಯಾಕ ಆಗ್ತದೇನು ಅಂತ ಕೇಳ್ತೀರಿ. ಕಚ್ಚಿ ಹಾಕಿ ಕುಸ್ತಿ ಆಡೋರನ್ನ, ಅಲಾಯಿ ಹಬ್ಬದಾಗ ಹೆಜ್ಜಿ ಹಾಕೋ ಹಿರೇರನ್ನ ನೋಡಿದವರು ಈ ಪ್ರಶ್ನಿ ಕೇಳೋದಿಲ್ಲ.

—

ಭಾಗ 6/9: "ಸೀಟು ಹೆಂಗ ಸಿಕ್ತು ನಿನಗ?"

ನನಗೆ ಪವಿತ್ರ್ ಹತ್ತಿರ ಆದದ್ದು ಧೋತರದಿಂದಲ್ಲ, ಅವನ ಸ್ಕಾಲರ್‌ಶಿಪ್‌ನಿಂದ.

ಪೀಟರ್ ಪಾರ್ಕರ್ ನ್ಯೂಯಾರ್ಕಿನವನೇ. ಅವನನ್ನ ಕಾಡಿದ್ದು ಅವನ ಕ್ಲಾಸು, ಅವನ ಊರಲ್ಲ. ಪವಿತ್ರ್ ಹಂಗಲ್ಲ. ಅವ ಹಳ್ಳಿಯಿಂದ ಮುಂಬೈಗೆ ಬಂದವ. ಅಪ್ಪ-ಅವ್ವ ಇಲ್ಲ. ಸ್ಕಾಲರ್‌ಶಿಪ್ ಸಿಕ್ಕದ ಅಂತ ಮಾಯಾ ಕಾಕಿ, ಭೀಮ ಕಾಕಾ ಅವನ ಜೊತೆ ನಗರಕ್ಕ ಬಂದಾರ. ಅಲ್ಲಿನ ಸಾಲಿಯಾಗ ಶ್ರೀಮಂತರ ಮಕ್ಕಳು ಇವನ ಬಟ್ಟಿ ನೋಡಿ ನಗ್ತಾರ, ಹಳ್ಳಿಯವ ಅಂತ ಹೀಯಾಳಿಸ್ತಾರ, ಬೆನ್ನಟ್ಟಿ ಹೊಡೀತಾರ. ತಮ್ಮ ಸರಿಸಮ ನಿಲ್ಲಾಕ ನೋಡ್ತಾನಲ್ಲ ಅಂತ ಅವರಿಗೆ ಸಿಟ್ಟು. ಮಾತಾಡಿಸೋಳು ಮೀರಾ ಒಬ್ಬಳೇ.

ಈ ಪುಟ ನೋಡಿದಾಗ ನಿಮಗೇನು ನೆನಪಾಯ್ತು? ನನಗ ನಮ್ಮ ಸೀನಿಯರ್‌ಗಳು ನೆನಪಾದ್ರು. ಬೆಂಗಳೂರಿಗೆ, ಧಾರವಾಡಕ್ಕ ಓದಾಕ ಹೋಗಿ, ಮೊದಲ ದೀಪಾವಳಿಗೆ ಊರಿಗೆ ಬರೋದ್ರಾಗ "ಐತಿ", "ಅದ" ಬಿಟ್ಟು "ಇದೆ" ಅನ್ನಾಕ ಕಲಿತು ಬಂದವರು. ಬಾಯಿ ಬಿಟ್ಟ ಕೂಡಲೇ "ಯಾವೂರು ನಿಂದು?" ಅನ್ನಿಸಿಕೊಂಡು ಕ್ಲಾಸಿನಾಗ ಪ್ರಶ್ನೆ ಕೇಳೋದನ್ನೇ ನಿಲ್ಲಿಸಿದವರು.

ನಮ್ಮ ಭಾಗಕ್ಕ ಸಂವಿಧಾನದ 371ಜೆ ವಿಧಿ ಬಂದದ್ದು ನಿಮಗೆ ಗೊತ್ತು. 2012ರಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನ ಒಪ್ಪಿತು, ಅದರ ಬಲದಿಂದ ಆಗಿನ ಹೈದರಾಬಾದ್ ಕರ್ನಾಟಕದವರಿಗೆ ಶಿಕ್ಷಣದಾಗ, ನೌಕರಿಯಾಗ ಮೀಸಲಾತಿ ಸಿಕ್ತು. ನಿಜಾಮರ ಕಾಲದಿಂದ ಹಿಂದುಳಿದ ಭಾಗಕ್ಕ ಅದು ತಡವಾಗಿ ಸಿಕ್ಕ ನ್ಯಾಯ. ಆದ್ರ ಹಾಸ್ಟೆಲ್‌ನಾಗ ಅದೇ ಸೀಟನ್ನ ತೋರಿಸಿ "ಹೆಂಗ ಸಿಕ್ತು ನಿನಗ?" ಅಂತ ಕೇಳೋರು ಇದ್ದೇ ಇರ್ತಾರ. ಕಷ್ಟಪಟ್ಟು ಓದಿದವನೂ ಆ ಪ್ರಶ್ನೆ ಕೇಳಿದ ಮ್ಯಾಲ ತನ್ನನ್ನೇ ಅನುಮಾನಿಸಾಕ ಶುರು ಮಾಡ್ತಾನ.

ಪವಿತ್ರ್‌ಗೆ ಬೀಳೋ ಏಟು ಇದೇ ಏಟು. ಅವನನ್ನ ಬಿಡಿಸಿದವರಿಗೆ ರಾಯಚೂರು ಜಿಲ್ಲೆ ಕಣ್ಣ ಮುಂದ ಇರಲಿಕ್ಕಿಲ್ಲ. ಆದ್ರ ಅವರು ಬಿಡಿಸಿದ ಹುಡುಗ ನಮ್ಮ ಬಸ್‌ಸ್ಟ್ಯಾಂಡಿನಾಗ ಟ್ರಂಕ್ ಹಿಡಿದು ನಿಂತಂಗ ಕಾಣ್ತಾನ.

—

ಭಾಗ 7/9: ಯೋಗಿ ಯಾಕ ಬೇಕಿತ್ತು?

ಈಗ ಸ್ವಲ್ಪ ಜಗಳ ಮಾಡೋಣ.

ಪವಿತ್ರ್‌ಗೆ ಜೇಡ ಕಡಿಯೋದಿಲ್ಲ. ಗೂಂಡಾ ಹುಡುಗ್ರು ಬೆನ್ನಟ್ಟಿದಾಗ ಓಡ್ತಾ ಓಡ್ತಾ ಅವನಿಗೆ ಒಬ್ಬ ಪುರಾತನ ಯೋಗಿ ಎದುರಾಗ್ತಾನ. ಲೋಕಕ್ಕ ಬರೋ ಕೇಡನ್ನ ಎದುರಿಸು ಅಂತ ಜೇಡನ ಶಕ್ತಿ ಕೊಡ್ತಾನ. ಪಶ್ಚಿಮದ ಸ್ಪೈಡರ್‌ಮ್ಯಾನ್ ವಿಜ್ಞಾನದಲ್ಲಿ ಬೇರೂರಿದವ, ನಮ್ಮವ ಪುರಾಣ ಮತ್ತು ಮಾಯೆಯಲ್ಲಿ ಬೇರೂರಬೇಕು ಅನ್ನೋದು ದೇವರಾಜನ್ ಅವರ ವಿಚಾರ.

ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಪೀಟರ್‌ನ ಕಥೆಯ ಮಜಾ ಇರೋದು ಆಕಸ್ಮಿಕದಾಗ. ಆ ಜೇಡ ಯಾರನ್ನ ಬೇಕಾದ್ರೂ ಕಡೀಬಹುದಿತ್ತು. ಪಕ್ಕದಾಗ ನಿಂತವನನ್ನ ಕಡಿದಿದ್ದರೆ ಅವನೇ ಸ್ಪೈಡರ್‌ಮ್ಯಾನ್. ಅಂದ್ರ ಹೀರೋ ಆಗಾಕ ಹಣೆಬರಹ ಬೇಕಿಲ್ಲ, ಕುಲ ಬೇಕಿಲ್ಲ, ಯಾರ ಆಶೀರ್ವಾದನೂ ಬೇಕಿಲ್ಲ. ಯೋಗಿ ಬಂದ ಕೂಡಲೇ ಅದು ಹೋಯ್ತು. ಹಿರಿಯರು ಆರಿಸಬೇಕು, ಅವರು ಕೊಟ್ಟರೆ ಸಿಗಬೇಕು. ಬಿಲ್ಲಿ ಬ್ಯಾಟ್ಸನ್‌ಗೆ ಮಾಂತ್ರಿಕ ಕೊಟ್ಟಂಗ ಆಯ್ತು. ಏಕಲವ್ಯನ ಕಥೆ ಗೊತ್ತಿದ್ದವರಿಗೆ ಆರಿಸೋ ಹಿರಿಯರ ಮ್ಯಾಲ ಸ್ವಲ್ಪ ಅನುಮಾನ ಇದ್ದೇ ಇರ್ತದ.

ಇನ್ನೊಂದು ವಿಚಿತ್ರ. 2004ರ ಬೆಂಗಳೂರು ಅಂದ್ರ ಐಟಿ ಕಂಪನಿ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಇರೋ ಊರು. ಅಂಥ ಊರಿನ ನಂಟಿದ್ದ ಕಥೆಗೂ ಭಾರತ ಅಂದ ಕೂಡಲೇ ಯೋಗಿ, ತಾಯತ, ರಾಕ್ಷಸನೇ ನೆನಪಾದದ್ದು ಯಾಕ? ಹೊರಗಿನವರಿಗೆ ನಮ್ಮನ್ನ ಹಂಗೇ ನೋಡೋ ರೂಢಿ. ನಾವೂ ಅವರ ಕಣ್ಣಿಂದ ನಮ್ಮನ್ನ ನೋಡಿಕೊಂಡ್ವೇನೋ.

ನಮ್ಮ ಜಿಲ್ಲೆಯನ್ನೇ ನೋಡ್ರಿ. ಶಕ್ತಿನಗರ ಅನ್ನೋ ಹೆಸರಿನ ಊರೇ ಅದ! 1985ರಿಂದ ವಿದ್ಯುತ್ ಮಾಡೋ ರಾಯಚೂರು ಶಾಖೋತ್ಪನ್ನ ಕೇಂದ್ರ, ಎಂಟು ಘಟಕ, 1,720 ಮೆಗಾವ್ಯಾಟ್ ಸಾಮರ್ಥ್ಯ. ಹಟ್ಟಿಯಾಗ ನೆಲದ ಹೊಟ್ಟಿಯೊಳಗ ಇಳಿಯೋ ಚಿನ್ನದ ಗಣಿ. ತುಂಗಭದ್ರಾ ಎಡದಂಡೆ ಕಾಲುವೆ, ಅದರ ಬದಿಯ ಭತ್ತದ ಗದ್ದೆ, ಗದ್ದೆಗೆ ಹೊಡಿಯೋ ಎಣ್ಣಿ. ಒಬ್ಬ ಹುಡುಗನಿಗೆ ಏನಾದ್ರೂ ಆಗಿ ಶಕ್ತಿ ಬರೋದಿದ್ರ ಇಲ್ಲಿ ಯೋಗಿಗೆ ತ್ರಾಸು ಕೊಡೋದೇ ಬೇಕಿಲ್ಲ.

(ಶಕ್ತಿ ಹುಟ್ಟೋ ಜಿಲ್ಲೆಯಾಗೂ ಕರೆಂಟ್ ಹೋಗ್ತದ. ಈ ಭಾಗ ಬರೆಯುವಾಗ ಎರಡು ಸಲ ಹೋಯ್ತು.)

—

ಭಾಗ 8/9: ಭೀಮ ಕಾಕಾನ ಸಾವು, ನನ್ನ ಸೀಟು

ಇಷ್ಟು ಜಗಳ ಆಡಿದ ಮ್ಯಾಲೂ ಈ ಕಾಮಿಕ್ಸ್ ದೊಡ್ಡದು ಅಂತ ನಾನು ಯಾಕ ಅಂತೀನಿ ಅಂದ್ರ, ಅವರು ಬದಲಾಯಿಸಿದ ಒಂದು ದೃಶ್ಯಕ್ಕಾಗಿ.

ಪೀಟರ್ ಬಿಟ್ಟುಬಿಟ್ಟದ್ದು ಒಬ್ಬ ಕಳ್ಳನನ್ನ. ಪವಿತ್ರ್ ಬಿಟ್ಟು ನಡೆದದ್ದು ಒಬ್ಬ ಹೆಣ್ಣುಮಗಳನ್ನ. ಹೊಸದಾಗಿ ಶಕ್ತಿ ಬಂದಿರ್ತದ. ಒಂದಿಷ್ಟು ಗಂಡಸರು ಒಬ್ಬ ಹೆಂಗಸಿನ ಮೇಲೆ ಎರಗಿರ್ತಾರ. ಇವ ನೋಡ್ತಾನ. ನನಗ್ಯಾಕ ಅಂತ ಮುಂದ ಹೋಗ್ತಾನ. ಅದೇ ದಾರಿಯಾಗ ಭೀಮ ಕಾಕಾ ಬರ್ತಾನ. ಅವನ ಹತ್ರ ಯಾವ ಜೇಡನ ಶಕ್ತಿನೂ ಇಲ್ಲ, ವಯಸ್ಸಾದ ಮನುಷ್ಯ. ಅವ ಅಡ್ಡ ನಿಲ್ತಾನ. ಚೂರಿ ಹಾಕ್ತಾರ. ಕಾಕಾನ ಕೂಗು ಕೇಳಿ ಪವಿತ್ರ್ ತಿರುಗಿ ಓಡಿ ಬರೋದ್ರಾಗ ಎಲ್ಲಾ ಮುಗಿದಿರ್ತದ.

ಪೀಟರ್‌ನ ಕಥೆಯಾಗ ಕಾಕಾ ಸುಮ್ಮನೆ ಬಲಿಯಾದವ. ಇಲ್ಲಿ ಕಾಕಾ ತಾನೇ ಹೆಜ್ಜೆ ಇಟ್ಟವ. ಶಕ್ತಿ ಇದ್ದವ ಹೋದ, ಶಕ್ತಿ ಇಲ್ಲದವ ನಿಂತ. 2004ರ ಒಂದು ಕಾಮಿಕ್ಸ್, ಅದೂ ಹುಡುಗ್ರಿಗಂತ ಮಾಡಿದ್ದು, ಹುಡುಗ್ರ ಮುಖಕ್ಕೇ ಈ ಕನ್ನಡಿ ಹಿಡಿದಿತ್ತು.

ಈಗ ಬಸ್ಸಿನ ಮಾತು.

ಹೋದ ವರ್ಷ, ಮುಂಜಾನೆ ಕಾಲೇಜಿಗೆ ಹೋಗೋ ಹೊತ್ತು. ಕಾಲಿಡಾಕ ಜಾಗ ಇಲ್ಲದಷ್ಟು ರಶ್. ಮಾನ್ವಿ ಹತ್ರ ಬಂದಿತ್ತು. ನನಗೆ ಕಿಡಕಿ ಸೀಟು ಸಿಕ್ಕಿತ್ತು. ಮುಂದ ನಿಂತಿದ್ದ ಒಬ್ಬ ಹುಡುಗಿ, ಯೂನಿಫಾರ್ಮ್ ಹಾಕಿದ್ಲು, ಪಿಯುಸಿ ಇರಬೇಕು. ಅವಳ ಹಿಂದ ಒಬ್ಬ ಬೇಕಂತಲೇ ಒತ್ತಿ ನಿಂತಿದ್ದ. ಅವಳು ಸರಿದ್ಲು, ಅವನೂ ಸರಿದ. ಮತ್ತ ಸರಿದ್ಲು, ಮತ್ತ ಸರಿದ. ನಾನು ನೋಡಿದೆ. ನೋಡಿ ಮೊಬೈಲ್ ತಗದೆ. ಅವತ್ತು ನಾನು ಏನು ನೋಡ್ತಿದ್ದೆ ಗೊತ್ತೇನು? ಇದೇ ಸ್ಪೈಡರ್‌ವರ್ಸಿನ ಒಂದು ರೀಲ್.

ಎದ್ದು ನಿಂತದ್ದು ಒಬ್ಬ ಅಜ್ಜಿ. ಕೂಲಿಗೆ ಹೊಂಟಾಕಿ, ಕೈಯಾಗ ಬುತ್ತಿ ಗಂಟು. "ಏ ತಮ್ಮಾ, ಹಿಂದಕ್ಕ ಸರಿ" ಅಂದ್ಲು. ಅವನ ಮುಖ ಕೂಡ ನೋಡಲಿಲ್ಲ. ಹುಡುಗಿ ಕಡೆ ತಿರುಗಿ "ಬಾರವ್ವಾ, ಇಲ್ಲಿ ಕೂಡು" ಅಂತ ತನ್ನ ಸೀಟು ಕೊಟ್ಟು ತಾನು ನಿಂತ್ಲು. ರಾಯಚೂರು ಬರೋತನಕ ನಿಂತೇ ಇದ್ಲು. ನಾನು ಕುಂತೇ ಇದ್ದೆ. ಏಳಬೇಕಂತ ಎರಡು ಸಲ ಅನ್ನಿಸ್ತು. ಎದ್ದರ ನಾನು ನೋಡಿದ್ದು ಎಲ್ಲರಿಗೂ ಗೊತ್ತಾಗ್ತದ ಅಂತ ಏಳಲಿಲ್ಲ.

ಇದನ್ನ ಯಾರಿಗೂ ಹೇಳಿರಲಿಲ್ಲ. ಭೀಮ ಕಾಕಾನ ಪುಟ ನೋಡಿದ ಮ್ಯಾಲ ಹೇಳದೇ ಇರಾಕ ಆಗಲಿಲ್ಲ.

—

ಭಾಗ 9/9: ಆಮೇಲೆ

ಪವಿತ್ರ್‌ನ ನಾಲ್ಕು ಸಂಚಿಕೆ ಮುಗಿದ ಮೇಲೆ ಏನಾಯ್ತು? ಅದೇ ಬಳಗದವರು 2006ರಲ್ಲಿ ಬ್ರಿಟನ್ನಿನ ಉದ್ಯಮಿ ರಿಚರ್ಡ್ ಬ್ರ್ಯಾನ್ಸನ್ ಅವರ ಜೊತೆ ಸೇರಿ ವರ್ಜಿನ್ ಕಾಮಿಕ್ಸ್ ಕಟ್ಟಿದರು. ಅದರ ಸ್ಟುಡಿಯೋ ಬೆಂಗಳೂರಿನಲ್ಲಿತ್ತು. 2008ರಲ್ಲಿ ಅದು ಲಿಕ್ವಿಡ್ ಕಾಮಿಕ್ಸ್ ಆಗಿ ಹೆಸರು ಬದಲಿಸಿತು. ಸ್ಪೈಡರ್‌ಮ್ಯಾನ್‌ನ ಸ್ಟಾನ್ ಲೀ ಅವರೇ ದೇವರಾಜನ್ ಜೊತೆ ಸೇರಿ ಭಾರತದ ಹೀರೋ 'ಚಕ್ರ'ನನ್ನ ಸೃಷ್ಟಿಸಿದರು. 2013ರಲ್ಲಿ ಅವ ಕಾರ್ಟೂನ್ ನೆಟ್‌ವರ್ಕಿಗೆ ಬಂದ. ಚಕ್ರ ಅಂದ್ರ ರಾಜು ರೈ, ಮುಂಬೈನ ಹದಿಹರೆಯದ ಹುಡುಗ. ಇವನ ಶಕ್ತಿ ಬರೋದು ವಿಜ್ಞಾನದಿಂದ ಮಾಡಿದ ಒಂದು ಅಂಗಿಯಿಂದ, ಅದು ಮೈಯ ಚಕ್ರಗಳನ್ನ ಎಬ್ಬಿಸ್ತದ. ಏಳನೇ ಭಾಗದ ನನ್ನ ಜಗಳಕ್ಕ ಅರ್ಧ ಉತ್ತರ ಸಿಕ್ತು ಅನ್ನಬಹುದು.

2014ರ ಕೊನೆಗೆ ಮಾರ್ವೆಲ್ ಎಲ್ಲಾ ಲೋಕಗಳ ಸ್ಪೈಡರ್‌ಮ್ಯಾನ್‌ಗಳನ್ನ ಒಂದೇ ಕಥೆಗೆ ಸೇರಿಸಿದಾಗ ಪವಿತ್ರ್ ಮತ್ತೆ ಬಂದ. 2023ರಲ್ಲಿ ಸಿನಿಮಾ. ಅದೇ ವರ್ಷ ನಿಕೇಶ್ ಶುಕ್ಲಾ ಬರೆದು ಅಭಿಷೇಕ್ ಮಾಲ್ಸುನಿ ಚಿತ್ರ ಬಿಡಿಸಿದ ಹೊಸ ಸರಣಿನೂ ಬಂತು. ಸಿನಿಮಾದ ಪವಿತ್ರ್ ನಗುನಗುತಾ ಇರ್ತಾನ, ದಟ್ಟ ಕೂದಲು, ಎಲ್ಲರಿಗೂ ಬೇಕಾದವ. ಅವನ ಊರು ಮುಂಬೈ-ಮ್ಯಾನ್‌ಹಟನ್ ಬೆರೆತ 'ಮುಂಬಟ್ಟನ್'. ಅವನನ್ನ ನೋಡಿ ಖುಷಿ ಆಯ್ತು. ಆದ್ರ ಸ್ಕಾಲರ್‌ಶಿಪ್ ಹಿಡಿದು ಹಳ್ಳಿಯಿಂದ ಬಂದು ಒದೆ ತಿಂದ ಹುಡುಗನನ್ನ ಅವನೊಳಗ ಹುಡುಕಿದೆ, ಸಿಗಲಿಲ್ಲ.

ಹುಡುಗಿಯರು? ಅದೇ 2014ರಲ್ಲಿ ಎರಡು ಕಥೆ ಬಂದ್ವು. ಅಮೆರಿಕದ ಜೆರ್ಸಿ ಸಿಟಿಯ 16 ವರ್ಷದ ಕಮಲಾ ಖಾನ್ 'ಮಿಸ್ ಮಾರ್ವೆಲ್' ಆದಳು. ಡಿಸೆಂಬರ್‌ನಲ್ಲಿ ರಾಮ್ ದೇವಿನೇನಿ ಮತ್ತು ಬಳಗದವರ 'ಪ್ರಿಯಾಸ್ ಶಕ್ತಿ' ಬಂತು. ಅತ್ಯಾಚಾರಕ್ಕ ಒಳಗಾದ ಹಳ್ಳಿ ಹುಡುಗಿ ಪ್ರಿಯಾ ಅದರ ಹೀರೋ. 2012ರ ದೆಹಲಿ ಘಟನೆ ಆದ ಮೇಲೆ ಹುಟ್ಟಿದ ಕಾಮಿಕ್ಸ್ ಅದು. ಹತ್ತು ವರ್ಷದ ಹಿಂದ ಪವಿತ್ರ್‌ನ ಕಥೆಯಾಗ ಹೆಸರಿಲ್ಲದೆ ಕೂಗಿದ ಹೆಣ್ಣುಮಗಳು ಇಲ್ಲಿ ಹುಲಿ ಏರಿ ಬಂದಂಗ ನನಗನ್ನಿಸ್ತು.

ಒಂದು ಕಾಕತಾಳೀಯ ಹೇಳಿ ಮುಗಿಸ್ತೀನಿ. ಪವಿತ್ರ್ ಕನ್ನಡ ಮಾತಾಡಿದ್ದು 2023ರ ಜೂನ್ 1ಕ್ಕ. ಹತ್ತು ದಿನ ಬಿಟ್ಟು, ಜೂನ್ 11ಕ್ಕ, ನಮ್ಮ ರಾಜ್ಯದಾಗ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಆಯ್ತು. ಆ ಯೋಜನೆಯ ಹೆಸರು 'ಶಕ್ತಿ'. ಯೋಗಿನೂ ಇಲ್ಲ, ಜೇಡನೂ ಇಲ್ಲ, ಒಂದು ಸೊನ್ನೆ ರೂಪಾಯಿ ಟಿಕೆಟ್ಟು. ಆ ಬಸ್ಸಿನಾಗಿದ್ದ ಹುಡುಗಿಯ ಕೈಯಾಗೂ, ಬುತ್ತಿ ಗಂಟಿನ ಅಜ್ಜಿಯ ಕೈಯಾಗೂ ಅದೇ ಟಿಕೆಟ್ ಇತ್ತು. ಬಸ್ ಹತ್ತಾಕ ಅದು ಸಾಕು. ಹತ್ತಿದ ಮ್ಯಾಲ ಅಂಜದೇ ನಿಲ್ಲಾಕ ಪಕ್ಕದಾಗ ಕುಂತ ನಾವೂ ಬೇಕು.

ಮುಂದಿನ ವಾರ ಇನ್ನೊಂದು ಚಿತ್ರ ಹಾಕ್ತೀನಿ. ಈ ಸಲ ಧೋತರ ಇಲ್ಲ, ಸೀರಿ. ಕೈಯಾಗ ಬುತ್ತಿ ಗಂಟು. ಕೈ ಇನ್ನೂ ಸರಿಯಾಗಿ ಕೂಡವಲ್ದು, ಮುಖ ಅಂತೂ ಬರವಲ್ದು, ನಾನು ಅವತ್ತು ಆ ಅಜ್ಜಿಯ ಮುಖ ನೋಡಾಕ ಧೈರ್ಯ ಮಾಡಿರಲಿಲ್ಲ. ಚಿತ್ರ ಚೊಲೋ ಬಿಡಿಸೋರು ಯಾರಾದ್ರೂ ಇದ್ರ ಮೆಸೇಜ್ ಮಾಡ್ರಿ, ಕೂಡಿ ಮಾಡೋಣ. ಕಥೆ ಕನ್ನಡದಾಗೇ ಇರ್ಲಿ, "ಅದ", "ಐತಿ" ಸಮೇತ.

#ಪೋತ್ನಾಳ #ಮಾನ್ವಿ #ರಾಯಚೂರು #ಕನ್ನಡಕಾಮಿಕ್ಸ್ #ಪವಿತ್ರ್‌ಪ್ರಭಾಕರ್